ಸರ್ವಾನುಮತದಿಂದ ಅಂಗೀಕರಿಸಲಾಯಿತು

ಅವರ ಪೌರತ್ವಕ್ಕೆ ಅಡ್ಡ ಬಂದ ವಾಕ್ಯವನ್ನು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಬರೆಯಲಿರುವ ಎಷ್ಟೋ ಸಂಗತಿಗಳ ಬಗ್ಗೆ ನನಗೆ ಖಾತ್ರಿಯಿಲ್ಲ. ಇದೊಂದು ಮಾತ್ರ ಕಾಗದದ ಮೇಲಿದೆ. ವಾಕ್ಯ ಇಂಗ್ಲಿಷಿನಲ್ಲಿತ್ತು. ಆದರೆ ಅದರ ಹುಟ್ಟು ಕನ್ನಡದ್ದು: "ಅತಿಥಿಗಳು ವ್ಯಕ್ತಪಡಿಸಿದ ಅಭಿಪ್ರಾಯಗಳನ್ನು ಸಭೆಯು ಸರ್ವಾನುಮತದಿಂದ ಅಂಗೀಕರಿಸಿ, ಅವರಿಗೆ ಕೃತಜ್ಞತೆಗಳನ್ನು ಸಲ್ಲಿಸಿತು." ಯಾವುದೇ ಕನ್ನಡ ಕೂಟದ ನಡವಳಿ ಪುಸ್ತಕ ತೆಗೆದು ನೋಡಿದರೂ ಪ್ರತಿ ಎರಡನೆಯ ಪುಟದಲ್ಲಿ ಈ ಸಾಲು ಸಿಗುತ್ತದೆ.

ಬ್ಯಾಂಕುಗಳು ಬಿದ್ದ ವರ್ಷ ನಾನು ನ್ಯೂಜೆರ್ಸಿಯ ಸಮರ್‌ಸೆಟ್‌ನ ಆಫೀಸ್ ಪಾರ್ಕೊಂದರಲ್ಲಿ ಔಷಧ ಕಂಪನಿಯ ಕಾಗದಪತ್ರ ಬರೆಯುವ ಕೆಲಸದಲ್ಲಿದ್ದೆ. ಅದೇ ಕಟ್ಟಡದ ಹಿಂಭಾಗದ ಲ್ಯಾಬಿನಲ್ಲಿ ಧಾರವಾಡದ ಒಬ್ಬರಿದ್ದರು. ನನಗಿಂತ ಹದಿನಾಲ್ಕು ಹದಿನೈದು ವರ್ಷ ದೊಡ್ಡವರು. ಔಷಧದಲ್ಲಿ ಸೂಕ್ಷ್ಮಜೀವಿಗಳು ಸೇರಿಲ್ಲವೆಂದು ಪರೀಕ್ಷಿಸಿ ಸಹಿ ಹಾಕುವುದು ಅವರ ಕೆಲಸ. ಕ್ಯಾಂಟೀನಿನ ಮೈಕ್ರೋವೇವ್ ಮುಂದೆ ನಾನು ಫೋನಿನಲ್ಲಿ ನಮ್ಮಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು, ಫೋನ್ ಇಡುವವರೆಗೂ ಕಾದು, "ಮೈಸೂರಿನವ್ರೇನವಾ?" ಅಂದಿದ್ದರು. ಮೊದಲ ವಾರ ಅವರನ್ನು ಭಾಯ್ ಎಂದು ಕರೆದೆ. ಮುಸ್ಲಿಮರನ್ನು ಹಾಗೆ ಕರೆಯುವುದು ಗೌರವವೆಂದು ಎಲ್ಲಿ ಕಲಿತಿದ್ದೆನೋ. ಅವರು ನಗುತ್ತಾ, ಭಾಯ್ ಅಂದರೆ ಸಿನಿಮಾದ ಗೂಂಡಾನ ನೆನಪಾಗುತ್ತದೆ, ಧಾರವಾಡದಲ್ಲಿ ಓಣಿಯ ಮಂದಿಯೆಲ್ಲ ತಮ್ಮನ್ನು ಅಣ್ಣಾರು ಅಂತಿದ್ದರು, ನೀನೂ ಹಾಗೇ ಅನ್ನು ಎಂದರು. ಅಂದಿನಿಂದ ಅವರು ಅಣ್ಣಾರು, ಅವರ ಹೆಂಡತಿ ಅತ್ತಿಗೆ, ನಾನು ತಂಗಿ.

ಆ ಅಕ್ಟೋಬರಿನಲ್ಲಿ ಒಂದೇ ಶುಕ್ರವಾರ ಇಬ್ಬರಿಗೂ ಲೇಆಫ್ ಆಯಿತು. ರಟ್ಟಿನ ಪೆಟ್ಟಿಗೆ ಹಿಡಿದು ಪಾರ್ಕಿಂಗ್ ಲಾಟಿಗೆ ಬಂದಾಗ ಅಣ್ಣಾರು ತಮ್ಮ ಕಾರಿನ ಟ್ರಂಕ್ ತೆರೆದು ನಿಂತಿದ್ದರು. ಅವರ ಪೆಟ್ಟಿಗೆಯಲ್ಲಿ ಒಂದು ಕುಂಡದ ತುಳಸಿ ಗಿಡವಿತ್ತು, ಲ್ಯಾಬಿನ ಕಿಟಕಿಯಲ್ಲಿ ಬೆಳೆಸಿದ್ದು. ಹೀಗೆಂದು ನನ್ನ ನೆನಪು. ಒಬ್ಬ ಮುಸ್ಲಿಮನ ಕೈಯಲ್ಲಿ ತುಳಸಿ ಇದ್ದರೆ ಚೆನ್ನ ಎಂದು ಆಮೇಲೆ ನಾನೇ ಇಟ್ಟುಕೊಂಡ ಗಿಡವೂ ಇರಬಹುದು. ಕೇಳಿದರೆ ಅತ್ತಿಗೆ, ಅದು ಪುದೀನ, ಚಟ್ನಿಗೆ ಬೆಳೆಸಿದ್ದು ಅನ್ನುತ್ತಾರೆ.

ಅಣ್ಣಾರು ಆಗ ಒಂದು ಸಣ್ಣ ಸಂಘದ ಅಧ್ಯಕ್ಷರಾಗಿದ್ದರು. ನಾವು ಅದನ್ನು ವೇದಿಕೆ ಎನ್ನುತ್ತಿದ್ದೆವು. ಮಧ್ಯ ಜೆರ್ಸಿಯ ಮೂವತ್ತು ಮೂವತ್ತೈದು ಮುಸ್ಲಿಂ ಕುಟುಂಬಗಳು ಸೇರಿ ಮಾಡಿಕೊಂಡಿದ್ದ, ರಾಜ್ಯದಲ್ಲಿ ನೋಂದಣಿಯಾದ ಸಂಘ. ಮತದಾರರ ಪಟ್ಟಿಗೆ ಹೆಸರು ಸೇರಿಸುವುದು, ಈದ್ ದಿನ ಶಾಲೆಗೆ ರಜೆ ಕೊಡಿ ಎಂದು ಟೌನ್‌ಶಿಪ್‌ಗೆ ಅರ್ಜಿ ಬರೆಯುವುದು, ವಿಮಾನ ನಿಲ್ದಾಣದಲ್ಲಿ ವಿಚಾರಣೆಗೆಂದು ಗಂಟೆಗಟ್ಟಲೆ ಕೂರಬೇಕಾಗಿ ಬಂದವರಿಗೆ ಯಾವ ಕಚೇರಿಗೆ ದೂರು ಕೊಡಬೇಕೆಂದು ಹೇಳುವುದು, ಇಷ್ಟೇ ಅದರ ಕೆಲಸ. ತಿಂಗಳಿಗೊಮ್ಮೆ ಭಾನುವಾರ ಲೈಬ್ರರಿಯ ಕೋಣೆಯಲ್ಲಿ ಸಭೆ. ರಂಜಾನಿನಲ್ಲಿ ಊರಿನ ಪೊಲೀಸ್ ಸಾರ್ಜೆಂಟರನ್ನು ಊಟಕ್ಕೆ ಕರೆಯುತ್ತಿದ್ದರು. ಆತ ಬಂದು ಬಿರಿಯಾನಿ ತಿಂದು, ಮನೆಗೂ ಕಟ್ಟಿಸಿಕೊಂಡು ಹೋಗುತ್ತಿದ್ದ.

ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಣ್ಣಾರು ಸಭೆಯ ನಡವಳಿ ಬರೆಯಲು ಕರೆದರು. ನಮ್ಮವರೆಲ್ಲ ಮಾತಾಡುವವರೇ, ಕೇಳಿಸಿಕೊಳ್ಳುವವರು ಒಬ್ಬರೂ ಇಲ್ಲ ಎಂಬುದು ಅವರ ಕಾರಣ. ನನ್ನ ಗಂಡ, ನಿಂಗ್ಯಾಕೆ ಅವರ ಸಂಘ, ರೆಸ್ಯೂಮೆ ತಿದ್ದು ಎಂದ. ಹೋದೆ. ಹೋದದ್ದಕ್ಕೆ ದೊಡ್ಡ ತತ್ವವೇನೂ ಇರಲಿಲ್ಲ. ಮನೆಯಲ್ಲಿ ಕೂತು ಕೆಲಸದ ಫೋನ್ ಬಂದೀತೆಂದು ಕಾಯುವುದು ಸಾಕಾಗಿತ್ತು. ಆಮೇಲೆ ಯಾರಾದರೂ ಕೇಳಿದಾಗ ಇದಕ್ಕೊಂದು ತತ್ವ ಕಟ್ಟಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ನಡವಳಿ ಬರೆಯುವುದನ್ನು ನಾನು ಕಲಿತದ್ದು ಕನ್ನಡ ಕೂಟದಲ್ಲಿ. ಎರಡು ವರ್ಷ ಸಹಕಾರ್ಯದರ್ಶಿಯಾಗಿದ್ದೆ. ನನಗೆ ಕಲಿಸಿದ ಹಿರಿಯ ಕಾರ್ಯದರ್ಶಿ ಮೊದಲ ದಿನವೇ ಒಂದು ಪಾಠ ಹೇಳಿದ್ದರು. ಯುಗಾದಿ ಊಟಕ್ಕೆ ಒಬ್ಬಟ್ಟು ಕೇಟರಿಂಗಿನವರಿಂದಲೋ ಮನೆಗಳಿಂದಲೋ ಎಂದು ಆ ದಿನ ಸಮಿತಿಯಲ್ಲಿ ಒಂದೂವರೆ ಗಂಟೆ ಜಗಳವಾಗಿತ್ತು. ಯಾರು ಏನು ಅಂದರೆಂದು ನಾನು ನಿಷ್ಠೆಯಿಂದ ಮೂರು ಪುಟ ಬರೆದಿದ್ದೆ. ಅವರು ಅದನ್ನು ಓದಿ, ಪೆನ್ನಿನಿಂದ ಅಡ್ಡಗೆರೆ ಎಳೆದು ಹೇಳಿದರು: "ಇದನ್ನೆಲ್ಲ ಬರೆದಿಟ್ರೆ ಮುಂದಿನ ವರ್ಷ ಹಬ್ಬಕ್ಕೆ ಯಾರಮ್ಮ ಬರ್ತಾರೆ? ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು ಅಂತ ಹಾಕು. ಸಂಘದ ಮಾನ ಉಳೀಬೇಕು." ಮುಂದಿನ ಎರಡು ವರ್ಷ ಹಾಗೇ ಹಾಕಿದೆ. ಭಿನ್ನಮತ ಪುಸ್ತಕಕ್ಕೆ ಬರಬಾರದು. ಅತಿಥಿ ಏನು ಮಾತಾಡಿದರೂ ಸಭೆ ಅದನ್ನು ಒಪ್ಪಿ ವಂದಿಸಬೇಕು. ಅಧ್ಯಕ್ಷರು ಓದದೆ ಸಹಿ ಹಾಕಬೇಕು. ನಮ್ಮಲ್ಲಿ ಸಂಘ ನಡೆಸುವುದೆಂದರೆ ಹೀಗೇ. ವೇದಿಕೆಗೆ ಬರುವಾಗ ಈ ಅಭ್ಯಾಸವನ್ನೂ ತಂದಿದ್ದೇನೆಂಬುದು ನನ್ನ ತಲೆಗೇ ಬಂದಿರಲಿಲ್ಲ.

ಆ ಚಳಿಗಾಲದಲ್ಲಿ ಇಂಗ್ಲೆಂಡಿನಿಂದ ಒಬ್ಬ ಹೆಂಗಸನ್ನು ಭಾಷಣಕ್ಕೆ ಕರೆದಿದ್ದರು. ಮೂವತ್ತರ ಆಸುಪಾಸಿನ ವಕೀಲೆ. ಅವಳೂ ಅವಳ ಸ್ನೇಹಿತರೂ ಅಲ್ಲೊಂದು ಸಂಘ ನಡೆಸುತ್ತಿದ್ದರು. ಕೋರ್ಟಿನ ವಿಚಾರಣೆಯಿಲ್ಲದೆ ಸರಕಾರ ಗೃಹಬಂಧನದಲ್ಲಿಟ್ಟವರ ಪರ ಸಭೆ ಮಾಡುವುದು, ಪತ್ರ ಬರೆಯುವುದು, ಪೊಲೀಸರು ಕರೆದರೆ ಯಾವ ಹಕ್ಕುಗಳಿವೆ ಎಂದು ಜನಕ್ಕೆ ತಿಳಿಸುವುದು. ಎಲ್ಲ ಕಾನೂನಿನ ಒಳಗೇ. ಲಂಡನ್ ವಿಮಾನ ನಿಲ್ದಾಣದಲ್ಲಿ ಅವಳನ್ನು ವಿಮಾನ ಹತ್ತಲು ಬಿಡಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಹಾಗಾಗಿ ಲೈಬ್ರರಿ ಕೋಣೆಯ ಮೇಜಿನ ನಡುವೆ ಸ್ಪೀಕರ್ ಫೋನ್ ಇಟ್ಟು ಅವಳ ಮಾತು ಕೇಳಿದೆವು.

ಅವಳು ಹೇಳಿದ್ದರಲ್ಲಿ ಬಹುಪಾಲು ದುಃಖದ ವಿವರಗಳು. ಹತ್ತು ವರ್ಷದಿಂದ ಸಭೆ ನಡೆಸುತ್ತಿದ್ದ ಹಾಲನ್ನು ನಗರಸಭೆ ಇದ್ದಕ್ಕಿದ್ದಂತೆ ಕೊಡುವುದಿಲ್ಲವೆಂದದ್ದು. ಖಾತೆ ಮುಚ್ಚಿದ್ದೇವೆ, ಕಾರಣ ಹೇಳಲು ಬಾಧ್ಯರಲ್ಲ ಎಂದು ಬ್ಯಾಂಕ್ ಎರಡು ಸಾಲು ಬರೆದದ್ದು. ಯಾರು ಯಾರು ಬಂದು ಏನು ಮಾತಾಡುತ್ತಾರೆಂದು ಪೊಲೀಸರಿಗೆ ವರದಿ ಕೊಡುವ ಸಂಘಗಳಿಗೆ ಸರಕಾರದ ಅನುದಾನ. ಒಲ್ಲೆ ಎಂದವರ ಬಗ್ಗೆ ಪತ್ರಿಕೆಗಳಲ್ಲಿ ಗುಸುಗುಸು. ಫ್ರಾನ್ಸಿನಲ್ಲಿ, ಜರ್ಮನಿಯಲ್ಲಿ ತನ್ನ ಪರಿಚಯದ ಸಂಘಗಳ ಕತೆಯೂ ಬೇರೆಯಲ್ಲವೆಂದಳು. "ನಮ್ಮನ್ನು ಯಾರೂ ನಿಷೇಧಿಸಿಲ್ಲ" ಎಂದು ಅವಳು ಮತ್ತೆ ಮತ್ತೆ ಹೇಳಿದಳು. ನಿಷೇಧಿಸಿದ್ದರೆ ಕೋರ್ಟಿಗಾದರೂ ಹೋಗಬಹುದಿತ್ತು ಎಂಬ ಧಾಟಿ. ಕೊನೆಗೆ, ಇಂಥದ್ದು ನಿಮ್ಮಲ್ಲಿಗೂ ಬರುತ್ತದೆ, ಬಂದಾಗ ಸದಸ್ಯರ ಪಟ್ಟಿ ಕೊಡಬೇಡಿ, ವಕೀಲರಿಲ್ಲದೆ ಪೊಲೀಸರ ಜೊತೆ ಒಂದು ಮಾತೂ ಆಡಬೇಡಿ ಎಂದಳು.

ಆಗ ಅಣ್ಣಾರು ಎದ್ದು ನಿಂತು ಒಪ್ಪುವುದಿಲ್ಲ ಎಂದರು. ಇದು ನಡೆಯಿತೆಂದು ನಾನು ನಂಬುತ್ತೇನೆ. ಇಂಗ್ಲಿಷಿನಲ್ಲಿ ಮೂರು ನಾಲ್ಕು ನಿಮಿಷ ಮಾತಾಡಿದರು. ನಮ್ಮ ಬಾಗಿಲು ತೆರೆದಿದೆ, ಯಾರು ಬೇಕಾದರೂ ಬರಲಿ, ಪಟ್ಟಿ ಬೇಕಾದರೆ ನಾನೇ ಪ್ರಿಂಟ್ ಮಾಡಿ ಕೊಡುತ್ತೇನೆ, ಬಚ್ಚಿಡುವವರಿಗೆ ತಾನೇ ವಕೀಲರು ಬೇಕು ಎಂಬ ಅರ್ಥದ ಮಾತು. ಫೋನಿನ ಆ ತುದಿಯಿಂದ ಅವಳು, ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು ಎಂದಳು. ಆಮೇಲೆ ಸಮೋಸ, ಚಹಾ. ಅಣ್ಣಾರು ಚಹಾದ ಲೋಟ ಹಿಡಿದು ನನ್ನ ಹತ್ತಿರ ಬಂದು ಕನ್ನಡದಲ್ಲಿ, "ಪಾಪ, ಭಾಳ ಹೆದರ್‍ಯಾಳ ಹುಡಿಗಿ. ಇದು ಅಮೆರಿಕಾ ಅಂತ ಯಾರರ ಹೇಳ್ಬೇಕವಾ ಆಕಿಗೆ" ಎಂದರು.

ಮನೆಗೆ ಬಂದು ನಡವಳಿ ಬರೆದೆ. ಅತಿಥಿಯ ಮಾತುಗಳನ್ನು ಚೆನ್ನಾಗಿಯೇ ಸಂಗ್ರಹಿಸಿದೆ. ಪಟ್ಟಿ ಕೊಡಬಾರದೆಂಬುದೂ, ಪೊಲೀಸರೊಡನೆ ಮಾತಾಡಬಾರದೆಂಬುದೂ ಬಂತು. ಅಧ್ಯಕ್ಷರು ಅತಿಥಿಯ ಮಾತನ್ನು ಎಲ್ಲರೆದುರು ಅಲ್ಲಗಳೆದದ್ದು ಬರಲಿಲ್ಲ. ಅಷ್ಟು ದೂರದಿಂದ ಮಾತಾಡಿದವಳಿಗೆ ಅದು ಅವಮಾನವೆಂದು ನನಗನಿಸಿತ್ತು. ಸಂಘದ ಮಾನವೂ ಇತ್ತಲ್ಲ. ಕೊನೆಯಲ್ಲಿ ಆ ಸಾಲು ಹಾಕಿದೆ. ಮುಂದಿನ ತಿಂಗಳು ಅಣ್ಣಾರು ಓದದೆ ಸಹಿ ಮಾಡಿದರು.

ವೇದಿಕೆಯ ನಡವಳಿಗಳನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕುವ ಪದ್ಧತಿಯಿತ್ತು. ಅದು ಅಣ್ಣಾರದೇ ಯೋಚನೆ. ಎಲ್ಲವೂ ಎಲ್ಲರಿಗೂ ಕಾಣುವಂತಿದ್ದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ ಎಂದು ಅವರ ನಂಬಿಕೆ. ಸ್ಕ್ಯಾನ್ ಮಾಡಿ, ಅವರ ದೊಡ್ಡ ಅಕ್ಷರದ ಸಹಿಯ ಸಮೇತ, ನಾನೇ ಹಾಕಿದೆ.

ಮುಂದಿನ ವರ್ಷವಿಡೀ ಕೆಲಸ ಹುಡುಕಿದೆವು. ನನಗೆ ಪ್ರಿನ್ಸ್‌ಟನ್ ಕಡೆ ಒಂದು ಕಾಂಟ್ರ್ಯಾಕ್ಟ್ ಸಿಕ್ಕಿತು. ಅಣ್ಣಾರ ವಯಸ್ಸಿಗೆ ಯಾರೂ ಕರೆಯಲಿಲ್ಲ. ಅವರು ಮನೆಯ ಡೆಕ್ ಮೇಲೆ ಟೊಮೆಟೊ ಬೆಳೆದರು, ಯಾರು ಯಾರನ್ನೋ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ಕೊನೆಗೆ ನಿವೃತ್ತ ಸೈನಿಕರ ಸರಕಾರಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿನ ಮುಖ್ಯಸ್ಥ ಅಣ್ಣಾರ ಹಳೆಯ ಸಹೋದ್ಯೋಗಿ. ಇಂಟರ್ವ್ಯೂ ಆಗಿ, ಎಲ್ಲ ಒಪ್ಪಿಗೆಯಾಗಿ, ಉಳಿದದ್ದು ಒಂದೇ: ಅಮೆರಿಕದ ಪ್ರಜೆಯಾಗಿರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಆ ಕೆಲಸ ಇಲ್ಲ. ಅಣ್ಣಾರ ಪೌರತ್ವದ ಅರ್ಜಿ ಅದಾಗಲೇ ಎರಡು ವರ್ಷದಿಂದ ನೇಮ್ ಚೆಕ್ ಎಂಬ ಹಂತದಲ್ಲಿ ಕೂತಿತ್ತು. ಅವರದು ಸಾವಿರಾರು ಜನಕ್ಕಿರುವ ಹೆಸರು. ಅದನ್ನು ಎಲ್ಲೋ ಯಾರೋ ಯಾವುದೋ ಪಟ್ಟಿಗಳ ಜೊತೆ ಹೋಲಿಸುತ್ತಿದ್ದರು. ಆ ಮುಖ್ಯಸ್ಥ ಆರು ತಿಂಗಳು ಜಾಗ ಹಿಡಿದಿಡುತ್ತೇನೆಂದ. ನಾಲ್ಕನೆಯ ತಿಂಗಳು ನ್ಯೂಆರ್ಕ್‌ನಲ್ಲಿ ಪೌರತ್ವದ ಸಂದರ್ಶನಕ್ಕೆ ಬರಲು ಪತ್ರ ಬಂತು. ಅತ್ತಿಗೆ ಅಂದು ಸಂಜೆಯೇ ಶಾವಿಗೆ ಪಾಯಸ ಮಾಡಿ ನಮ್ಮ ಮನೆಗೂ ಕಳಿಸಿದರು.

ಇಷ್ಟರಲ್ಲಿ ಇಂಗ್ಲೆಂಡಿನ ಆ ಸಂಘದ ಹೆಸರು ಅಲ್ಲಿನ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯನ ಬಾಯಲ್ಲಿ ಬಂದಿತ್ತು. ನಿಷೇಧದ ಪರಿಶೀಲನೆಯಲ್ಲಿದೆ ಎಂದು ಒಂದು ಪತ್ರಿಕೆ, ಇಲ್ಲ ಎಂದು ಇನ್ನೊಂದು ಬರೆದವು. ವೇದಿಕೆಗೆ ಬಂದ ಒಂದು ಇಮೇಲಿನಲ್ಲಿ ಆ ವಕೀಲೆ, ತಾನು ಇನ್ನೂ ಕಾನೂನುಬದ್ಧಳು ಎಂದು ಬರೆದು ಪಕ್ಕದಲ್ಲಿ ಒಂದು ನಗುಮುಖ ಹಾಕಿದ್ದಳು. ನಮಗೆ ಇದು ದೂರದ ಸುದ್ದಿ.

ಸಂದರ್ಶನದ ದಿನ ಅಣ್ಣಾರು ಸೀದಾ ನಮ್ಮ ಮನೆಗೆ ಬಂದರು. ಸೂಟ್ ಹಾಕಿದ್ದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಅಮೆರಿಕದ ಇತಿಹಾಸದ ಪ್ರಶ್ನೆಗಳಿಗೆ ಹತ್ತಕ್ಕೆ ಹತ್ತೂ ಸರಿ ಹೇಳಿದೆ ಎಂದರು. ಆಮೇಲೆ ಸಂದರ್ಶನದ ಅಧಿಕಾರಿ ಒಂದು ಫೈಲು ತೆರೆದು, ಇಂಗ್ಲೆಂಡಿನ ಇಂಥ ಸಂಘದ ಅಭಿಪ್ರಾಯಗಳನ್ನು ನೀವು ಎಂದಾದರೂ ಬೆಂಬಲಿಸಿದ್ದೀರಾ ಎಂದು ಕೇಳಿದನಂತೆ. ಅಣ್ಣಾರು ಇಲ್ಲ ಎಂದರಂತೆ. ಬೆಂಬಲಿಸುವುದಿರಲಿ, ಎಲ್ಲರೆದುರು ವಿರೋಧಿಸಿದ್ದೆ ಎಂದೂ ಹೇಳಿದರಂತೆ. ಆತ ಒಂದು ಹಾಳೆ ತಿರುಗಿಸಿ ಮುಂದಿಟ್ಟ. ನಮ್ಮ ನಡವಳಿ. ಸರ್ವಾನುಮತ ಎಂಬಲ್ಲಿ ಹಳದಿ ಗೆರೆ. ಕೆಳಗೆ ಅಣ್ಣಾರ ಸಹಿ. ಈ ಸಹಿ ನಿಮ್ಮದೇ? ಹೌದು. ಹಾಗಾದರೆ ಈ ಕಾಗದ ಸುಳ್ಳೋ, ಪ್ರಮಾಣ ಮಾಡಿ ಈಗ ನೀವು ಹೇಳಿದ್ದು ಸುಳ್ಳೋ?

"ನಾ ಏನ್ ಹೇಳ್ಲಿ ತಂಗಿ?" ಎಂದರು ಅಣ್ಣಾರು. ಕೋಪವಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತಿತ್ತು. "ನಮ್ಮ ಕಡೆ ಹಂಗ ಬರೀತಾರ್‍ರೀ ಸರ್ ಅಂದೆ. ಅಂವ ನನ್ನ ಮಾರಿನ ನೋಡಿದ."

ನಾನು ಕ್ಷಮೆ ಕೇಳಿದೆನೇ? ಕೇಳಿರಬೇಕು. ನೆನಪಿರುವುದು, ಅವರು ಕುಡಿದಿಟ್ಟ ಲೋಟವನ್ನು ಎರಡು ಸಲ ತೊಳೆದದ್ದು ಮಾತ್ರ.

ದಾರಿ ಇನ್ನೂ ಮುಚ್ಚಿರಲಿಲ್ಲ. ಮೂವತ್ತು ದಿನದೊಳಗೆ ಬೇರೆ ಸಾಕ್ಷ್ಯವಿದ್ದರೆ ಕೊಡಬಹುದು. ಅಣ್ಣಾರು ಒಬ್ಬ ಇಮಿಗ್ರೇಷನ್ ವಕೀಲರನ್ನು ಹಿಡಿದರು. ಫ್ಲೋರಲ್ ಪಾರ್ಕಿನಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಪಂಜಾಬಿ ಮುದುಕ, ಮಾತು ಕಡಿಮೆ. ಒಂದು ಶನಿವಾರ ಅಣ್ಣಾರು, ಅತ್ತಿಗೆ, ನಾನು ಡ್ರೈವ್ ಮಾಡಿಕೊಂಡು ಹೋದೆವು. ನಡವಳಿ ಬರೆದವಳೇ ಬಂದು ಅಂದು ನಿಜಕ್ಕೂ ನಡೆದದ್ದೇನೆಂದು ಅಫಿಡವಿಟ್ ಕೊಟ್ಟರೆ ಕೇಸು ಗಟ್ಟಿಯಾಗುತ್ತದೆ ಎಂದು ವಕೀಲರ ಅಭಿಪ್ರಾಯ. ಜೊತೆಗೆ, ದಿನಚರಿ ಬರೆಯುತ್ತೀರಂತೆ, ಅದನ್ನೂ ತನ್ನಿ ಎಂದಿದ್ದರು. ದಿನಚರಿ ನಾನು ಪಿಯುಸಿಯಿಂದಲೂ ಬರೆಯುತ್ತಿದ್ದೇನೆ. ಹೋಗುವ ಮುನ್ನ ಆ ಭಾನುವಾರದ ಪುಟ ತೆಗೆದು ನೋಡಿದ್ದೆ. ಅಲ್ಲಿದ್ದದ್ದು ಇಷ್ಟು: "ಲೈಬ್ರರಿ ಸಭೆ. ಇಂಗ್ಲೆಂಡಿನವಳು ಫೋನಿನಲ್ಲಿ ಮಾತಾಡಿದಳು, ಚೆನ್ನಾಗಿತ್ತು. ಅಣ್ಣಾರು ಏನೋ ತಕರಾರು ತೆಗೆದರು. ಸಮೋಸ ಕಮ್ಮಿ ಬಿತ್ತು. ಹಿಂದಿರುಗುವಾಗ ರಸ್ತೆಯೆಲ್ಲ ಮಂಜು."

ಏನೋ ತಕರಾರು. ಇಷ್ಟು ವರ್ಷ ದಿನಚರಿ ಬರೆದದ್ದಕ್ಕೆ ಸಿಕ್ಕಿದ್ದು ಇದು.

ವಕೀಲರು ಪ್ರಶ್ನೆ ಕೇಳತೊಡಗಿದರು. ಆ ತಕರಾರು ಯಾವುದರ ಬಗ್ಗೆ? ಅತಿಥಿಯ ಸಲಹೆಯ ಬಗ್ಗೆ ಎಂದೆ. ಅದು ಈ ಪುಟದಿಂದ ಗೊತ್ತಾಗುವುದಿಲ್ಲವಲ್ಲ, ಕೋಣೆಯ ಹೀಟರ್ ಬಗ್ಗೆಯೂ ಇರಬಹುದಲ್ಲ? ಇಲ್ಲ, ನನಗೆ ಸ್ಪಷ್ಟ ನೆನಪಿದೆ ಎಂದೆ. ಹಾಗಿದ್ದರೆ ನೆನಪಿರುವುದನ್ನೆಲ್ಲ ಹೇಳಿ ಎಂದರು. ಹೇಳಿದೆ. ಅಣ್ಣಾರು ಎಲ್ಲಿ ಕೂತಿದ್ದರು, ಹೇಗೆ ಎದ್ದರು, ಕೈಯನ್ನು ಕುರ್ಚಿಯ ಬೆನ್ನ ಮೇಲೆ ಇಟ್ಟುಕೊಂಡು ಮಾತಾಡಿದ್ದು, ಅವರ ಕಂದು ಬಣ್ಣದ ಸ್ವೆಟರಿನ ತೋಳು ಮಡಚಿದ್ದದ್ದು. ಹೇಳುತ್ತಾ ಹೇಳುತ್ತಾ ಆ ಕೋಣೆ ಕಣ್ಣ ಮುಂದೆ ನಿಂತಿತು. ವಕೀಲರು ಬರೆದುಕೊಳ್ಳುತ್ತಿದ್ದರು.

ಅತ್ತಿಗೆ ಮೆಲ್ಲಗೆ ಕನ್ನಡದಲ್ಲಿ, "ಕಂದು ಸ್ವೆಟರ್ ಈ ಸಲದ ಥಂಡ್ಯಾಗ ತಗೊಂಡಿದ್ದವಾ. ಆಗ ಇರ್ಲಿಲ್ಲ" ಎಂದರು.

ಅತ್ತಿಗೆ ಸುಳ್ಳು ಹೇಳುವವರಲ್ಲ. ನನ್ನನ್ನು ತಿದ್ದಿದರೆ ಗಂಡನಿಗೆ ನಷ್ಟವೆಂಬ ಲೆಕ್ಕವೂ ಅವರಿಗೆ ಹೊಳೆದಿರಲಿಲ್ಲ. ವಕೀಲರು ಏನೆಂದು ಕೇಳಿದರು. ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಸ್ವೆಟರ್ ಬಿಟ್ಟುಬಿಡೋಣ, ಮಿಕ್ಕದ್ದು ಖಚಿತವೇ ಎಂದರು. ಸ್ವೆಟರ್ ತೆಗೆದ ಮೇಲೆ ತೋಳು ಮಡಚಿದ್ದು ಹೋಯಿತು. ಕುರ್ಚಿಯ ಬೆನ್ನ ಮೇಲಿನ ಕೈಯೂ ಹೋಯಿತು. ಬಾಗಿಲು ತೆರೆದಿದೆ ಎಂದು ಅವರು ಹೇಳಿದ್ದು ಆ ಭಾನುವಾರವೇ, ಅಥವಾ ಅವರ ಮನೆಯಲ್ಲಿ ಹತ್ತು ಸಲ ಹೇಳಿದ್ದನ್ನು ನಾನು ಆ ಕೋಣೆಯಲ್ಲಿಟ್ಟು ನೋಡುತ್ತಿದ್ದೇನೆಯೇ? ಅಣ್ಣಾರು ನನ್ನನ್ನು ನೋಡಲಿಲ್ಲ. ಕಿಟಕಿಯ ಹೊರಗೆ, ಎದುರಿನ ಅಂಗಡಿಯವನು ಹಲಸಿನಹಣ್ಣಿನ ಡಬ್ಬಗಳನ್ನು ಜೋಡಿಸುವುದನ್ನು ನೋಡುತ್ತಿದ್ದರು.

"ನನಗೆ ನೆನಪಿರುವ ಮಟ್ಟಿಗೆ ಎಂದು ಬರೆಯಬಹುದೇ?" ಎಂದು ಕೇಳಿದೆ.

ಬರೆಯಬಹುದು, ಆದರೆ ಅದರಿಂದ ಪ್ರಯೋಜನ ಕಡಿಮೆ ಎಂದರು ವಕೀಲರು. ಯೋಚಿಸಿ, ಸೋಮವಾರ ಹೇಳಿ.

ವಾಪಸು ಬರುವಾಗ ಅಣ್ಣಾರು ಕಾರನ್ನು ಫ್ಲಶಿಂಗ್ ಕಡೆ ತಿರುಗಿಸಿದರು. ಗಣೇಶನ ಗುಡಿಯ ಕ್ಯಾಂಟೀನಿನ ದೋಸೆ ಅವರಿಗೆ ಇಷ್ಟ. ಅಂದು ಅದನ್ನು ಬಿಡುವುದಕ್ಕೆ ಅವರಿಗೆ ಕಾರಣ ಕಾಣಲಿಲ್ಲ. ಸಾಲಿನಲ್ಲಿ ನಿಂತು ಟೋಕನ್ ತಂದು ನನ್ನ ಮುಂದೆ ತಟ್ಟೆ ಇಟ್ಟು, ಮೈಸೂರು ದೋಸೆ ಅಂತ ನಿಮ್ಮ ಊರಿನ ಹೆಸರು ಹಾಕಿದ್ದಾರೆ, ಸುಳ್ಳೋ ಖರೆಯೋ ತಿಂದು ಹೇಳು, ಇದಕ್ಕಾದರೂ ಸಾಕ್ಷಿ ಹೇಳು ಎಂದರು. ಅತ್ತಿಗೆ ಅವರ ಕೈಗೆ ಚಿವುಟಿದರು. ನಾನು ನಕ್ಕೆ. ಆ ಮಾತು ಚುಚ್ಚಿದ್ದು ಮನೆಗೆ ಬಂದ ಮೇಲೆ.

ಬೇರೆ ಸದಸ್ಯರು ಸಾಕ್ಷಿ ಹೇಳಬಹುದಿತ್ತು. ಅಂದಿನ ಸಭೆಯಲ್ಲಿ ಹದಿನೈದಿಪ್ಪತ್ತು ಜನರಿದ್ದರು. ವೇದಿಕೆಯನ್ನು ಕಟ್ಟಿದ ಹೈದರಾಬಾದಿನ ಡಾಕ್ಟರು ತಾವೇ ಎಲ್ಲರಿಗೂ ಫೋನ್ ಮಾಡಿದರು. ಒಬ್ಬರ ತಮ್ಮನ ವೀಸಾ ಬಾಕಿ, ಒಬ್ಬರದು ಗ್ರೀನ್ ಕಾರ್ಡ್, ಒಬ್ಬರಿಗೆ ಅಂದು ತಾವು ಬಂದದ್ದೇ ನೆನಪಿಲ್ಲ. ಡಾಕ್ಟರು ತಾವೇ ಬರೆದುಕೊಡುವುದಾಗಿ ಹೇಳಿದರು. ಆದರೆ ಅವರು ಆ ಭಾನುವಾರ ಡ್ಯೂಟಿಯಲ್ಲಿದ್ದರು, ಹಾಜರಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹಾಜರಿ ಪಟ್ಟಿಯನ್ನೂ ನಾನೇ ವೆಬ್‌ಸೈಟಿನಲ್ಲಿ ಹಾಕಿದ್ದೆ.

ನನ್ನ ಗಂಡ ಒರಟನಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಕೊಟ್ಟು, ಮುಂದಿನ ವರ್ಷ ನಾವೂ ಪೌರತ್ವಕ್ಕೆ ಅರ್ಜಿ ಹಾಕಬೇಕು, ಅಲ್ಲಿಯೂ ಪ್ರಮಾಣ ಮಾಡಿಸುತ್ತಾರೆ, ನೀನು ಒಂದು ಸುಳ್ಳು ನಡವಳಿ ಬರೆದೆ ಎಂದು ಈಗ ಸಹಿ ಹಾಕಿದರೆ ಅದೂ ಒಂದು ಫೈಲಿನಲ್ಲಿ ಕೂರುತ್ತದೆ ಎಂದ. ನಿಜವಾಗಿ ನೆನಪಿದ್ದರೆ ಹಾಕು, ಇಲ್ಲದಿದ್ದರೆ ಅವರ ಮೇಲಿನ ಪ್ರೀತಿಗಾಗಿ ನೆನಪಿದೆ ಎನ್ನಬೇಡ. ಈ ಮಾತಿನಲ್ಲಿ ತಪ್ಪೇನಿತ್ತೆಂದು ಇಂದಿಗೂ ಹುಡುಕುತ್ತಿದ್ದೇನೆ.

ಸೋಮವಾರ, "ನನಗೆ ನೆನಪಿರುವ ಮಟ್ಟಿಗೆ" ಎಂದೇ ಬರೆದು ಸಹಿ ಹಾಕಿದೆ. ದಿನಚರಿಯ ಪುಟವನ್ನು ಅನುವಾದ ಮಾಡಿಸಿ, ನೋಟರಿಯಿಂದ ಮುದ್ರೆ ಒತ್ತಿಸಿ ಜೊತೆಗೆ ಇಟ್ಟರು. ಸತ್ಯಕ್ಕೆ ನಿಷ್ಠಳಾಗಿದ್ದೆ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡೆ. ನನ್ನ ನೆನಪು ಸ್ವೆಟರಿನಿಂದಲೇ ಮಸುಕಾಯಿತೋ, ಮಸುಕಾಗಲೆಂದು ನಾನು ಕಾಯುತ್ತಿದ್ದೆನೋ? ನಡವಳಿ ಬರೆಯುವಾಗ ಒಂದು ಕ್ಷಣವೂ ತಡವರಿಸದೆ ಸುಳ್ಳು ಬರೆದವಳು ಅಫಿಡವಿಟ್ ಬರೆಯುವಾಗ ಮಾತ್ರ ಅಷ್ಟು ಎಚ್ಚರ ವಹಿಸಿದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಧೈರ್ಯ ಬರಲು ನನಗೆ ಬಹಳ ಕಾಲ ಹಿಡಿಯಿತು.

ತಿರಸ್ಕಾರದ ಪತ್ರ ಎಂಟು ವಾರಕ್ಕೆ ಬಂತು. ಯಾವ ಸಂಘದ ಬಗ್ಗೆಯೂ ಅದರಲ್ಲಿ ಒಂದು ಮಾತಿರಲಿಲ್ಲ. ಅರ್ಜಿದಾರರು ಪ್ರಮಾಣಪೂರ್ವಕವಾಗಿ ಹೇಳಿದ್ದು ತಾವೇ ಸಹಿ ಮಾಡಿದ ದಾಖಲೆಗೆ ವಿರುದ್ಧವಾಗಿದೆ. ಘಟನೆಯ ಕಾಲದಲ್ಲೇ ಬರೆದ ದಾಖಲೆಗೆ, ಅನಂತರದ ಅನಿಶ್ಚಿತ ನೆನಪಿಗಿಂತ ಹೆಚ್ಚು ತೂಕ. ಆದ್ದರಿಂದ ಸನ್ನಡತೆ ಸಾಬೀತಾಗಿಲ್ಲ. ಆಸ್ಪತ್ರೆಯ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಮೇಲ್ಮನವಿಗೆ ವಕೀಲರು ಉತ್ಸಾಹ ತೋರಲಿಲ್ಲ. ಐದು ವರ್ಷ ಸುಮ್ಮನಿದ್ದು ಹೊಸದಾಗಿ ಅರ್ಜಿ ಹಾಕಿ ಎಂದರು. ಅಣ್ಣಾರಿಗೆ ಆಗ ಐವತ್ತಾರು. ಅವರು ಒಂದು ಹೋಲ್‌ಸೇಲ್ ಅಂಗಡಿಯ ಬಾಗಿಲಲ್ಲಿ ನಿಂತು, ಹೊರಹೋಗುವವರ ರಸೀದಿಗೆ ಗುರುತು ಹಾಕುವ ಕೆಲಸಕ್ಕೆ ಸೇರಿದರು. ಒಂದು ಸಲ ನನ್ನ ಗಾಡಿಯನ್ನೂ ತಡೆದು, ರಸೀದಿಯ ಮೇಲೆ ಗೆರೆ ಎಳೆದು, "ನಾ ಓದದ ಸಹಿ ಹಾಕೂದು ಬಿಟ್ಟೀನವಾ" ಎಂದರು. ಹಿಂದೆ ಜನ ನಿಂತಿದ್ದರಿಂದ ನಾನು ಮುಂದೆ ಹೋಗಬೇಕಾಯಿತು.

ವೇದಿಕೆಗೆ ಜನ ಬರುವುದು ನಿಂತಿತು. ಯಾರೂ ಜಗಳವಾಡಿ ಹೋಗಲಿಲ್ಲ. ಒಂದೊಂದು ಭಾನುವಾರ ಒಬ್ಬೊಬ್ಬರ ಮಗಳಿಗೆ ಈಜಿನ ಕ್ಲಾಸು ಶುರುವಾಯಿತು. ಸಾರ್ಜೆಂಟರು ಆ ರಂಜಾನಿನಲ್ಲಿ ಇಮೇಲಿಗೆ ಉತ್ತರ ಕೊಡಲಿಲ್ಲ. ಇಂಗ್ಲೆಂಡಿನಿಂದ ಕೊನೆಯ ಇಮೇಲ್ ಬಂತು: ನಿಷೇಧ ಆಗಲಿಲ್ಲ, ಆಗುವುದೂ ಇಲ್ಲ, ಆದರೆ ಹಾಲ್ ಇಲ್ಲ, ಖಾತೆ ಇಲ್ಲ, ಬರುವವರಿಲ್ಲ, ಹಾಗಾಗಿ ನಾವೇ ಮುಚ್ಚುತ್ತಿದ್ದೇವೆ. ಈ ಸಲ ನಗುಮುಖ ಇರಲಿಲ್ಲ. ಅಣ್ಣಾರು ಅದನ್ನು ಪ್ರಿಂಟ್ ಮಾಡಿಸಿ ಇಟ್ಟುಕೊಂಡರು. ಅಂದು ಆಕೆ ಹೇಳಿದ್ದು ಖರೇ ಇತ್ತು ಎಂದು ಎರಡು ಸಲ ನನಗೆ ಹೇಳಿದ್ದಾರೆ. ನಾನು ಅದನ್ನು ಕೇಳುವಾಗಲೆಲ್ಲ, ಅಂದು ಅವರು ಒಪ್ಪಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ ಅಲ್ಲವೇ ಎಂದು ಯೋಚಿಸುತ್ತೇನೆ. ಅದನ್ನು ಯಾವ ನೋಟರಿ ಮುದ್ರೆ ಒತ್ತಿ ಕೊಡುತ್ತಾನೆ?

ವೇದಿಕೆಯ ಕೊನೆಯ ಸಭೆ ಅಣ್ಣಾರ ಮನೆಯ ಹಾಲಿನಲ್ಲೇ ನಡೆಯಿತು. ಡಾಕ್ಟರು, ಇನ್ನಿಬ್ಬರು ಸದಸ್ಯರು, ಅಣ್ಣಾರು, ಬರೆಯಲು ನಾನು. ಹೊರಗೆ ಹಿಮ ಕೊಚ್ಚೆಯಾಗಿತ್ತು, ಬಾಗಿಲ ಬಳಿ ನಾಲ್ಕು ಜೊತೆ ಬೂಟು. ಸಂಘವನ್ನು ವಿಸರ್ಜಿಸಬೇಕೆಂದು ಡಾಕ್ಟರು ಸೂಚಿಸಿದರು. ಇಬ್ಬರು ಕೈಯೆತ್ತಿದರು. ಅಣ್ಣಾರು ಎತ್ತಲಿಲ್ಲ.

ಅವರು ಮಾತಾಡಿದ್ದನ್ನು ಈ ಸಲ ಪದ ಬಿಡದೆ ಬರೆದುಕೊಂಡೆ. ನಾವು ಏನೂ ತಪ್ಪು ಮಾಡಿಲ್ಲ, ನಾವೇ ಮುಚ್ಚಿದರೆ ತಪ್ಪು ಮಾಡಿದ್ದರೆಂದು ನಾಳೆ ಅನ್ನುತ್ತಾರೆ, ನಾನೊಬ್ಬನೇ ಉಳಿದರೂ ಪ್ರತಿ ತಿಂಗಳು ಲೈಬ್ರರಿ ಕೋಣೆಯಲ್ಲಿ ಹೋಗಿ ಕೂರುತ್ತೇನೆ ಎಂದರು. ಯಾವ ಸ್ವೆಟರ್ ಹಾಕಿದ್ದರೆಂಬುದನ್ನೂ ಅಂಚಿನಲ್ಲಿ ಗುರುತು ಮಾಡಿಕೊಂಡೆ: ಬೂದು. ಡಾಕ್ಟರು ತಲೆ ತಗ್ಗಿಸಿ, ಮತಕ್ಕೆ ಹಾಕೋಣ ಎಂದರು. ಮೂವರು ಪರ, ಒಬ್ಬರು ವಿರುದ್ಧ. ಹಾಗೇ ಬರೆದೆ, ವಿರುದ್ಧ ಇದ್ದವರ ಹೆಸರನ್ನೂ ಅವರ ಕಾರಣಗಳನ್ನೂ ಹಾಕಿ. ಮುಂದಿನ ಸಭೆ ಇಲ್ಲವಾದ್ದರಿಂದ ಅಲ್ಲಿಯೇ ಓದಿ ಸಹಿ ಮಾಡಿಸಬೇಕಿತ್ತು. ಬೇರೆ ಮೂವರೂ ಬೂಟು ಹಾಕಿಕೊಂಡು ಹೋದರು.

ಅಣ್ಣಾರು ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಲೈಟಿನ ಕೆಳಗೆ ಹಿಡಿದು ಓದಿದರು. ನಿಧಾನವಾಗಿ, ಕೊನೆಯ ಸಾಲಿನವರೆಗೆ. ಅವರು ನನ್ನ ನಡವಳಿಯನ್ನು ಸಹಿಗೆ ಮುಂಚೆ ಓದಿದ್ದು ಅದೇ ಮೊದಲು. ಚೆನ್ನಾಗಿ ಬರೆದಿದ್ದೀ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ನಾಚಿಕೆಯ ಮಾತು, ಆದರೆ ಕಾಯುತ್ತಿದ್ದೆ.

"ತಂಗಿ, ಇದನ್ನ ತಗಿ" ಎಂದರು.

ಯಾಕೆ ಎಂದು ಕೇಳಿದೆ.

"ಐದು ವರ್ಷದ ಮ್ಯಾಲೆ ನಾ ಮತ್ತ ಅರ್ಜಿ ಹಾಕಬೇಕಲ್ಲ. ಎಲ್ಲಾರೂ ಮುಚ್ಚೂಣು ಅಂದ್ರ, ಈತ ಒಬ್ಬನ ಯಾಕ ಬ್ಯಾಡಂದ ಅಂತ ಕೇಳಿದ್ರ ಏನ್ ಹೇಳ್ಲಿ? ಮೊದಲ ಹೆಂಗ ಬರೀತಿದ್ದಿ, ಹಂಗ ಬರಿ."

ನಾನು ವಾದಿಸಿದೆ. ಇದು ನೀವು ನಿಜವಾಗಿ ಹೇಳಿದ್ದು, ಈ ಸಲ ನನಗೆ ಖಾತ್ರಿ ಇದೆ ಎಂದೆ. ಅವರು ಪೆನ್ನನ್ನು ನನ್ನ ಕೈಗೆ ವಾಪಸು ಕೊಟ್ಟು, ಅಡುಗೆಮನೆಯಲ್ಲಿದ್ದ ಅತ್ತಿಗೆಗೆ ಚಹಾ ಇಡಲು ಹೇಳಿದರು. ಪುಟ ಹರಿದೆ. ಹೊಸ ಪುಟದಲ್ಲಿ ಬರೆದೆ: ವಿಸರ್ಜನೆಯ ಸೂಚನೆಯನ್ನು ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು. ಅವರು ಅದನ್ನೂ ಪೂರ್ತಿ ಓದಿ ಸಹಿ ಹಾಕಿದರು. ಹರಿದ ಹಾಳೆಯನ್ನು ನನ್ನ ಕೈಯಿಂದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ, ಒಲೆಯ ಹತ್ತಿರ ನಿಂತಿದ್ದ ಅತ್ತಿಗೆಗೆ ಕೊಟ್ಟರು.

ಆ ದಿನದ ದಿನಚರಿಯನ್ನು ಈಗ ತೆಗೆದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ದಿನಚರಿಯನ್ನೂ ಅನುವಾದ ಮಾಡಿಸಿ ಫೈಲಿಗೆ ಸೇರಿಸಬಹುದೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಪುಟದಲ್ಲಿ ಇರುವುದು ಇಷ್ಟೇ: "ಅಣ್ಣಾರ ಮನೆಯಲ್ಲಿ ಸಭೆ. ವೇದಿಕೆ ಮುಚ್ಚಿತು. ಅತ್ತಿಗೆ ಗಿರ್ಮಿಟ್ ಮಾಡಿದ್ದರು. ಎಲ್ಲರೂ ಒಪ್ಪಿದರು."